ಸಹಾಯ ಬೇಕು: ಅಮ್ಮನಿಗೆ ಇದು ಮೊದಲ ಗುಂಪು ಸೈಕ್ಲಿಂಗ್ ತರಗತಿ

ನಮಸ್ಕಾರ. ಈ ಶನಿವಾರ ಅಮ್ಮ ಜಯನಗರದ ಜಿಮ್ ಒಂದರಲ್ಲಿ ಒಳಾಂಗಣ ಸೈಕ್ಲಿಂಗ್ ತರಗತಿಗೆ ಸೇರುತ್ತಿದ್ದಾರೆ. ವಯಸ್ಸು 56. ಮೆಟ್ಟಿಲು ಇಳಿಯುವಾಗ ಬಲ ಮಂಡಿ ನೋಯುತ್ತದೆ. ಸೈಕಲ್ ತುಳಿಯಲು ವೈದ್ಯರ ಒಪ್ಪಿಗೆ ಸಿಕ್ಕಿದೆ. ಸೀಟು ಸೊಂಟದ ಮೂಳೆಯ ಮಟ್ಟಕ್ಕಿರಬೇಕು, ಪೆಡಲ್ ಪೂರ್ತಿ ಕೆಳಗಿಳಿದಾಗಲೂ ಮಂಡಿ ತುಸು ಬಾಗಿರಬೇಕು ಎಂಬುದನ್ನು ತಿಳಿದುಕೊಂಡಿದ್ದೇವೆ. ನನಗೆ ಭಯವಿರುವುದು ಸೈಕಲ್ಲಿನ ಮುಂಭಾಗದಲ್ಲಿರುವ ಭಾರವಾದ ಚಕ್ರದ ಬಗ್ಗೆ. ನಾವು ತುಳಿಯುವುದನ್ನು ಬಿಟ್ಟರೂ ಅದು ಕಾಲನ್ನು ಎಳೆದುಕೊಂಡು ಸುತ್ತುತ್ತಲೇ ಇರುತ್ತದೆ; ತಕ್ಷಣ ನಿಲ್ಲಿಸಬೇಕೆಂದರೆ ಪೆಡಲಿನ ಬಿಗಿತ ಹೆಚ್ಚು ಕಡಿಮೆ ಮಾಡುವ ನಾಬನ್ನು ಕೆಳಕ್ಕೆ ಒತ್ತಬೇಕು. ಗಾಬರಿಯಲ್ಲಿ ಅಮ್ಮನಿಗೆ ಅದು ನೆನಪಾಗಬೇಕಲ್ಲ!

ಎಲ್ಲರೂ ಎದ್ದು ನಿಂತು ತುಳಿಯುವಾಗ ಅವರು ಕುಳಿತೇ ತುಳಿದರೆ ತರಬೇತುದಾರರು ಒಪ್ಪುತ್ತಾರೆಯೇ? ಮಂಡಿನೋವಿದ್ದವರು ಆರಂಭದಲ್ಲಿ ಪ್ರತಿರೋಧವನ್ನು, ಅಂದರೆ ಪೆಡಲಿನ ಬಿಗಿತವನ್ನು, ಎಷ್ಟು ಇಟ್ಟುಕೊಂಡಿರಿ? ಅಮ್ಮ ಬಿಗಿಯಾದ ಬಟ್ಟೆ ಒಲ್ಲೆ ಎನ್ನುತ್ತಾರೆ. ಸಡಿಲ ಚೂಡಿದಾರ ಪೆಡಲಿಗೆ ಸಿಕ್ಕಿಕೊಳ್ಳದಂತೆ ಏನು ಮಾಡಬಹುದು? ಅನುಭವವಿರುವವರು ಶುಕ್ರವಾರದೊಳಗೆ ದಯವಿಟ್ಟು ತಿಳಿಸಿ.