ಹಡಗಿನ ಡಾಕ್ಟರನ್ನ ಕೇಳಿ: ಆಗಸ್ಟ್‌ನ ಏಜಿಯನ್ ಪ್ರವಾಸ

ಅಡ್ಮಿನ್: ಗ್ರೀಸ್-ಟರ್ಕಿ ನಡುವಿನ ಏಜಿಯನ್ ಕಡಲಿಗೆ ನಮ್ಮ ಗುಂಪು ಹೋಗ್ತಿರೋದು ಸಣ್ಣ ಹಡಗಲ್ಲಿ. 60 ಪ್ರಯಾಣಿಕರು, 32 ಸಿಬ್ಬಂದಿ, 7 ರಾತ್ರಿ. ಪಿರೇಯಸ್, ಡೆಲೊಸ್, ಮಿಕೊನೊಸ್, ಕುಶಾದಸಿ, ಪಾಟ್ಮೊಸ್, ಸ್ಯಾಂಟೊರಿನಿ, ಮತ್ತೆ ಪಿರೇಯಸ್. ಕ್ರೂಸ್ ಹಡಗುಗಳಲ್ಲಿ ವೈದ್ಯೆಯಾಗಿರೋ ನಮ್ಮ ಸದಸ್ಯೆ ಇವತ್ತು ಉತ್ತರ ಕೊಡ್ತಾರೆ. ಆರೋಗ್ಯದ ಪ್ರಶ್ನೆ ಮಾತ್ರ ಕೇಳಿ.

ಜಯನಗರ 4ನೇ ಬ್ಲಾಕ್: ಮೇಡಂ, ವಾಂತಿಗೆ ಎಮೆಸೆಟ್ ಇಟ್ಕೊಂಡ್ರೆ ಸಾಕಾ?

ಡಾಕ್ಟರ್: ಸಾಲದು. ಎಮೆಸೆಟ್, ಡಾಮ್‌ಸ್ಟಾಲ್ ಎರಡೂ ಹಡಗಿನ ವಾಂತಿ ತಡೆಯಲ್ಲ, ಇದು ಒಳಕಿವಿಯಿಂದ ಶುರುವಾಗೋದು. ಬೇರೆ ಕಾಯಿಲೆ ಇಲ್ಲದ ವಯಸ್ಕರು ಸಿನ್ನರಿಝಿನ್ 25 ಮಿ.ಗ್ರಾಂ. ಅನ್ನ ಹಡಗು ಹೊರಡೋ 2 ಗಂಟೆ ಮುಂಚೆ ತಗೋಬಹುದು. ಇಲ್ಲಾಂದ್ರೆ ಅವೊಮಿನ್ 25 ಹಿಂದಿನ ರಾತ್ರಿ. ಎರಡರಲ್ಲಿ ಒಂದು, ಎರಡೂ ಅಲ್ಲ. ವಾಂತಿ ಶುರುವಾದ ಮೇಲೆ ನುಂಗಿದ್ರೆ ಮಾತ್ರೆನೂ ಆಚೆ ಬರುತ್ತೆ. ನಿದ್ದೆ ಬರುತ್ತೆ, ಅದರ ಮೇಲೆ ವೈನ್ ಕುಡೀಬೇಡಿ. ಗ್ಲಾಕೋಮಾ, ಪ್ರಾಸ್ಟೇಟ್, ಪಾರ್ಕಿನ್ಸನ್ಸ್ ಇರೋರು ತಮ್ಮ ಡಾಕ್ಟರನ್ನ ಕೇಳದೆ ಎರಡನ್ನೂ ಮುಟ್ಟಬೇಡಿ.

ಸುತ್ತಾಟದ ಸಂಸಾರ: ಮೇಲಿನ ಡೆಕ್‌ನ ಬಾಲ್ಕನಿ ರೂಮಿಗೆ ದುಡ್ಡು ಕಟ್ಟಿದೀವಿ, ಪರವಾಗಿಲ್ವಾ?

ಡಾಕ್ಟರ್: ವಾಂತಿ ಬರೋರಿಗೆ ಅದೇ ಕೆಟ್ಟ ಜಾಗ. ಕೆಳಗಿನ ಡೆಕ್, ಹಡಗಿನ ನಟ್ಟನಡುವಿನ ರೂಮು ಕೇಳಿ. ಆಗಸ್ಟ್‌ನಲ್ಲಿ ಅಲ್ಲಿ ಮೆಲ್ಟೆಮಿ ಅನ್ನೋ ಉತ್ತರದ ಗಾಳಿ ಬೀಸುತ್ತೆ, ಆಕಾಶ ಶುಭ್ರವಾಗಿದ್ರೂ ಕಡಲು ಎದ್ದಿರುತ್ತೆ. ಓಲಾಟ ತಡೆಯೋ ರೆಕ್ಕೆಗಳು ಹಡಗು ಓಡ್ತಿದ್ದಾಗಲೇ ಚೆನ್ನಾಗಿ ಕೆಲಸ ಮಾಡೋದು, ಲಂಗರು ಹಾಕಿ ನಿಂತಾಗ ಅಷ್ಟಕ್ಕಷ್ಟೇ. ಗಾಳಿ ಜಾಸ್ತಿಯಾದ್ರೆ ಡೆಲೊಸ್‌ಗೆ ದೋಣಿ ಬಿಡಲ್ಲ. ಅದಕ್ಕೆ ಕ್ಯಾಪ್ಟನ್ ಜೊತೆ ಜಗಳ ಆಡಬೇಡಿ.

ತುಮಕೂರಿನ ಮಗಳು: ನಮ್ಮಪ್ಪಂಗೆ 67 ವರ್ಷ. ಶುಗರಿಗೆ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಝಿನ್ 10, ಪ್ರಾಸ್ಟೇಟಿಗೆ ಟಾಮ್ಸುಲೋಸಿನ್ ತಗೋತಾರೆ. ಬಸ್ಸಲ್ಲೂ ವಾಂತಿ. ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡ್ ಬಂದಿದೆ: "ಹಡಗು ಹತ್ತೋ ದಿನ ಪೂರ್ತಿ ಉಪವಾಸ, ಹೊಕ್ಕುಳಿಗೆ ಪ್ಲಾಸ್ಟರ್, ಎರಡು ಅವೊಮಿನ್." ಅಪ್ಪ ಹಾಗೇ ಮಾಡ್ತೀನಿ ಅಂತಿದಾರೆ.

ಡಾಕ್ಟರ್: ಅಮ್ಮಾ, ಆ ಫಾರ್ವರ್ಡ್ ಇವತ್ತೇ ಡಿಲೀಟ್ ಮಾಡ್ಸು. ಪ್ಲಾಸ್ಟರ್ ಒಂದನ್ನ ಬಿಟ್ರೆ ಅದರಲ್ಲಿರೋ ಪ್ರತಿಯೊಂದೂ ನಿಮ್ಮಪ್ಪಂಗೆ ಅಪಾಯ.

ಮೊದಲು ಉಪವಾಸ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ರೆ ಶುಗರ್ ಕುಸಿಯುತ್ತೆ. ಬೆವರು, ನಡುಕ ಬಂದ್ರೆ ಸುತ್ತಮುತ್ತ ಇರೋರು "ಸೀ ಸಿಕ್" ಅಂತ ಮಲಗಿಸಿಬಿಡ್ತಾರೆ. ಇನ್ನು ಅವೊಮಿನ್. ಪ್ರಾಸ್ಟೇಟ್ ದೊಡ್ಡದಾಗಿರೋರಿಗೆ ಮೂತ್ರ ಕಟ್ಟಿಕೊಳ್ಳಬಹುದು, ನಡುಗಡಲಲ್ಲಿ ಕ್ಯಾತಿಟರ್ (ಮೂತ್ರದ ನಳಿಗೆ) ಹಾಕೋ ಪ್ರಸಂಗ ಬೇಡ.

ನನಗೆ ಎಲ್ಲಕ್ಕಿಂತ ಚಿಂತೆ ಡಾಪಾಗ್ಲಿಫ್ಲೋಝಿನ್‌ದು. ಊಟ ಇಲ್ಲದೆ, ವಾಂತಿಯಾಗಿ ನೀರಿನಂಶ ಕಮ್ಮಿಯಾದಾಗ ಈ ಮಾತ್ರೆ ಮುಂದುವರಿಸಿದ್ರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟೋ ಪದಾರ್ಥ) ಏರಿ ಆಮ್ಲ ತುಂಬ್ಕೊಳ್ಳಬಹುದು. ಆಗ ಶುಗರ್ 160, 180 ಅಂತ ಸಾಧಾರಣವಾಗೇ ತೋರಿಸಬಹುದು, ಮೀಟರ್ ನೋಡಿ ಎಲ್ಲರೂ ಸುಮ್ಮನಾಗ್ತಾರೆ. ಲಕ್ಷಣ ಏನು ಗೊತ್ತಾ? ವಾಕರಿಕೆ, ವಾಂತಿ, ಹೊಟ್ಟೆನೋವು, ಸುಸ್ತು. ಹಡಗಿನ ವಾಂತಿಗೂ ಇದಕ್ಕೂ ನೋಟದಲ್ಲಿ ವ್ಯತ್ಯಾಸ ಸಿಗಲ್ಲ. ಉಸಿರು ಆಳವಾಗಿ, ಜೋರಾಗಿ ಓಡೋಕೆ ಶುರುವಾದ್ರೆ ಅಥವಾ ಹಡಗು ಕಟ್ಟೆಗೆ ಬಂದು ನಿಂತು ಕೆಲವು ಗಂಟೆ ಆದ್ರೂ ವಾಂತಿ ನಿಲ್ಲದಿದ್ರೆ, ಅದು ಕಡಲಿಂದ ಅಂತ ಅಂದ್ಕೋಬೇಡ.

ಹೊರಡೋಕೆ ಮುಂಚೆ ಶುಗರ್ ಡಾಕ್ಟರ್ ಹತ್ರ ಕೂತು "ವಾಂತಿಯಾದ ದಿನ ಯಾವ ಮಾತ್ರೆ ನಿಲ್ಲಿಸ್ಬೇಕು" ಅಂತ ಬರೆಸ್ಕೊ. ಸಾಮಾನ್ಯವಾಗಿ ತಿಂದದ್ದು ಹೊಟ್ಟೇಲಿ ನಿಲ್ಲದ ದಿನ ಡಾಪಾಗ್ಲಿಫ್ಲೋಝಿನ್, ಮೆಟ್‌ಫಾರ್ಮಿನ್ ನಿಲ್ಲಿಸ್ತಾರೆ, ಗ್ಲಿಮೆಪಿರೈಡ್ ಕೂಡ ಕೊಡಲ್ಲ. ರಕ್ತದ ಕೀಟೋನ್ ಮೀಟರ್ ಮತ್ತು ಸ್ಟ್ರಿಪ್ ತಗೋ, ಮೂತ್ರದ ಸ್ಟ್ರಿಪ್ ನಂಬಬೇಡ. ಮೀಟರ್‌ನಲ್ಲಿ ಕೀಟೋನ್ 1.5 (mmol/L) ದಾಟಿದ್ರೆ ತಕ್ಷಣ ವೈದ್ಯರಿಗೆ ತಿಳಿಸ್ಬೇಕು, 3 ದಾಟಿದ್ರೆ ನೇರ ಆಸ್ಪತ್ರೆ. ಓ.ಆರ್.ಎಸ್. ಗುಟುಕು ಗುಟುಕಾಗಿ ಕುಡಿಸು. ಹತ್ತೋ ದಿನ ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿಯೋ ಒಣ ಬ್ರೆಡ್ಡೋ ತಿನ್ನಲಿ. ಡೆಕ್ ಮೇಲೆ ಕೂತು ದೂರದ ಬಾನಂಚು ನೋಡ್ಲಿ, ಫೋನ್ ನೋಡೋದು ಬೇಡ.

ಜಯನಗರ 4ನೇ ಬ್ಲಾಕ್: ಹಡಗಲ್ಲೇ ಡಾಕ್ಟರ್ ಇರ್ತಾರಲ್ವಾ, ಸುಮ್ಮನೆ ಯಾಕೆ ಹೆದರಿಸ್ತೀರಿ?

ಡಾಕ್ಟರ್: ಇರ್ಲೇಬೇಕು ಅಂತಿಲ್ಲ. ಕಡಲ ಕಾರ್ಮಿಕರ 2006ರ ಒಪ್ಪಂದದ ಪ್ರಕಾರ 100 ಅಥವಾ ಹೆಚ್ಚು ಜನ ಇದ್ದು, 3 ದಿನ ಮೀರಿದ ಅಂತರರಾಷ್ಟ್ರೀಯ ಪಯಣ ಮಾಡೋ ಹಡಗಿಗೇ ವೈದ್ಯರು ಕಡ್ಡಾಯ. ನಿಮ್ಮದು 60ಕ್ಕೆ 32 ಸೇರಿದ್ರೆ 92. ಕಂಪನಿಗೆ ಮೇಲ್ ಹಾಕಿ ಕೇಳಿ, ಉತ್ತರ ಬರಹದಲ್ಲಿರಲಿ. ಪಾಟ್ಮೊಸ್‌ನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ವಿಮೆಯಲ್ಲಿ ಹಳೇ ಕಾಯಿಲೆ ಮತ್ತು ಹಡಗಿಂದ ಆಸ್ಪತ್ರೆಗೆ ಸಾಗಿಸೋ ಖರ್ಚು ಎರಡೂ ಇದೆಯಾ ನೋಡ್ಕೊಳ್ಳಿ. ವೀಸಾಗೆ ಕೇಳೋ 30,000 ಯೂರೋ ಕನಿಷ್ಠ ಮಿತಿ ಅಷ್ಟೇ.

ಧಾರವಾಡ ಪೇಡಾ: ಮೇಡಮ್ಮಾರ, ಪೇಡಾ, ತುಪ್ಪ ಕಟ್ಟಿಕೊಂಡ ಬರಬೌದೇನ್ರಿ? ವೈಫೈ ಫುಕಟ್ ಐತೇನು?

ಡಾಕ್ಟರ್: ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ಬಿಡಲ್ಲ. ಚಟ್ನಿಪುಡಿ, ಅವಲಕ್ಕಿ ತನ್ನಿ.

ಸುತ್ತಾಟದ ಸಂಸಾರ: ವೀಸಾ ಸಿಂಗಲ್ ಎಂಟ್ರಿ ಸಾಕು, ಹಡಗು ಬಿಟ್ಟು ಎಲ್ಲೂ ಹೋಗಲ್ವಲ್ಲ.

ಮಂಗಳೂರು ಬಂದರು: ದಯವಿಟ್ಟು ತಪ್ಪು ಹೇಳ್ಬೇಡಿ ಮಾರಾಯ್ರೆ. ಕುಶಾದಸಿ ಇರೋದು ಟರ್ಕಿಯಲ್ಲಿ, ಷೆಂಗೆನ್ (ಒಂದೇ ವೀಸಾ ನಡೆಯೋ ಯುರೋಪಿನ ದೇಶಗಳ ಕೂಟ) ಹೊರಗೆ. ಅಲ್ಲಿಂದ ಪಾಟ್ಮೊಸ್‌ಗೆ ಬಂದ್ರೆ ಅದು ಎರಡನೇ ಪ್ರವೇಶ. ಡಬಲ್ ಇಲ್ಲಾ ಮಲ್ಟಿಪಲ್ ಎಂಟ್ರಿ ಬೇಕು.

ಸುತ್ತಾಟದ ಸಂಸಾರ: ನಮ್ಮ ಏಜೆಂಟ್ 20 ವರ್ಷದಿಂದ ಈ ಕೆಲಸ ಮಾಡ್ತಿದಾರೆ.

ಮಂಗಳೂರು ಬಂದರು: ಮಾಡ್ಲಿ. ಪಾಸ್‌ಪೋರ್ಟ್ ಹಿಡ್ಕೊಂಡು ನಿಲ್ಲೋದು ನೀವು, ಅವರಲ್ಲ. ಟರ್ಕಿಗೆ ಇಳಿಯೋ ಅನುಮತಿ ಬೇರೆ. ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ರೆ ನಮ್ಮ ಪಾಸ್‌ಪೋರ್ಟಿಗೆ ಇ-ವೀಸಾ ಸಿಗ್ತದೆ. ಹಡಗಿನವರಲ್ಲಿ ಕೇಳಿಯೇ ಅರ್ಜಿ ಹಾಕಿ.

ಸುತ್ತಾಟದ ಸಂಸಾರ: ಎಲ್ಲಾ ಗೊತ್ತಿರೋ ಹಾಗೆ ಮಾತಾಡ್ಬೇಡಿ.

ಮಂಗಳೂರು ಬಂದರು: ಗೊತ್ತಿಲ್ಲದವರು ಮಾತಾಡಿದ್ರೆ ಮತ್ತೆ ಎಂತ ಮಾಡೋದು?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಆರೋಗ್ಯದ ಪ್ರಶ್ನೆ ಮಾತ್ರ ಅಂದಿದ್ದೆ.

ಮೈಸೂರು ಮಲ್ಲಿಗೆ: ಅಮ್ಮನಿಗೆ ಮಂಡಿನೋವು. ಸ್ಯಾಂಟೊರಿನಿ ಹತ್ತೋಕಾಗುತ್ತಾ? ಇನ್ಸುಲಿನ್ ಕೂಡ ಇದೆ.

ಡಾಕ್ಟರ್: ದೋಣಿ ಇಳಿಸೋದು ಹಳೇ ಬಂದರಿಗೆ. ಫಿರಾ ಊರು ಬಂಡೆಯ ಮೇಲಿದೆ, 580ಕ್ಕೂ ಹೆಚ್ಚು ಮೆಟ್ಟಿಲು, ಕತ್ತೆ ಲದ್ದಿಯಿಂದ ಜಾರುತ್ತೆ. ಕೇಬಲ್ ಕಾರಲ್ಲೇ ಹೋಗಿ. ಗಾಳಿ ಜೋರಾದ್ರೆ ಅದೂ ನಿಲ್ಲುತ್ತೆ, ಹಾಗಾಗಿ ವಾಪಸ್ ಬರೋಕೆ ಕೊನೇ ದೋಣಿವರೆಗೆ ಕಾಯಬೇಡಿ. ಕುಶಾದಸಿ ಹತ್ರದ ಹಾಳು ನಗರ ಎಫೆಸಸ್‌ನಲ್ಲಿ ಮೇಲಿನ ಗೇಟಲ್ಲಿ ಇಳಿದು ಕೆಳಗೆ ನಡೀರಿ. ಅಮೃತಶಿಲೆ ನುಣುಪು, ನೆರಳಿಲ್ಲ. ಇನ್ಸುಲಿನ್ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಿದ್ರೆ ಹೆಪ್ಪುಗಟ್ಟಿ ಹಾಳಾಗಬಹುದು. ಗ್ರೀಸ್ ಬೇಸಿಗೆಯಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಇಂಜೆಕ್ಷನ್ ಹೊತ್ತು ಹೇಗೆ ಸರಿಸೋದು ಅಂತ ಅವರ ಡಾಕ್ಟರ್ ಹೇಳ್ಲಿ.

ಹಾಸನದ ಹೈದ: ಎಮೆಸೆಟ್ ಸಾಕಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಸುತ್ತಾಟದ ಸಂಸಾರ: ಹಡಗಲ್ಲಿ ವಾಂತಿಭೇದಿ ಸೋಂಕು ಹರಡದಂತೆ ಕರ್ಪೂರ, ಲವಂಗದ ಪೊಟ್ಟಣ ಮೂಸಿ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಕಳಿಸ್ಬೇಡಿ. ಹಡಗಲ್ಲಿ ವಾಂತಿಭೇದಿ ಹರಡೋ ನೋರೋವೈರಸ್‌ಗೆ ಕರ್ಪೂರ ಏನೂ ಮಾಡಲ್ಲ, ಸ್ಯಾನಿಟೈಸರ್ ಕೂಡ ಸರಿಯಾಗಿ ಕೊಲ್ಲಲ್ಲ. ಸೋಪು ಹಾಕಿ 20 ಸೆಕೆಂಡ್ ಕೈ ತೊಳೀರಿ. ಭೇದಿ ಶುರುವಾದ್ರೆ ಮುಚ್ಚಿಡದೆ ಹಡಗಿನವರಿಗೆ ಹೇಳಿ, ನಿಂತ ಮೇಲೂ 48 ಗಂಟೆ ರೂಮಲ್ಲೇ ಇರಿ.

ಸುತ್ತಾಟದ ಸಂಸಾರ: ನಮ್ಮ ಹಿರಿಯರೆಲ್ಲ ದಡ್ಡರಾ ಹಾಗಾದ್ರೆ?

ಧಾರವಾಡ ಪೇಡಾ: ವೈಫೈದ್ದ ಯಾರೂ ಹೇಳಲೇ ಇಲ್ಲಲ್ರಿ.

ತುಮಕೂರಿನ ಮಗಳು: ಮೇಡಂ, ಅವೊಮಿನ್ ಬದಲು ಅರ್ಧ ಸಿನ್ನರಿಝಿನ್ ಕೊಡಬಹುದಾ?

ಡಾಕ್ಟರ್: ಅದೂ ಮೂತ್ರ ಕಟ್ಟಿಸಬಹುದು. ಯೂರಾಲಜಿಸ್ಟ್ ಒಪ್ಪಿದ್ರೆ ಹೊರಡೋಕೆ ಒಂದು ವಾರ ಮುಂಚೆ ಮನೇಲೇ ಒಮ್ಮೆ ಕೊಟ್ಟು ನೋಡು. ಆ ರಾತ್ರಿ ಮೂತ್ರಕ್ಕೆ ತಿಣುಕಿದ್ರೆ ಹಡಗಲ್ಲಿ ಆ ಮಾತ್ರೆ ಬೇಡ. ಕೀಟೋನ್ ಮೀಟರ್ ಮರೀಬೇಡ.