ಇವಿ ಎಸಿ ಗ್ಯಾಸ್ ಸೋರಿಕೆ: ನಿಮ್ಮ ಪ್ರಶ್ನೆ, ಬಸಣ್ಣನ ಉತ್ತರ

ಅಡ್ಮಿನ್: ಬಿಸಿಲು ಏರುತ್ತಿದೆ, ಎಸಿ ಪ್ರಶ್ನೆಗಳೂ ಜಾಸ್ತಿಯಾಗಿವೆ. ಹುಬ್ಬಳ್ಳಿಯಲ್ಲಿ ಕಾರ್ ಎಸಿ ಕೆಲಸ ಮಾಡುವ ಬಸಣ್ಣ ಇವತ್ತು ಸಂಜೆ ಇಲ್ಲಿರುತ್ತಾರೆ. ಎಲೆಕ್ಟ್ರಿಕ್ ಕಾರಿನ ಗ್ಯಾಸ್ ಸೋರಿಕೆ ಬಗ್ಗೆ ಮಾತ್ರ ಕೇಳಿ.

ಸುಮಾ, ಮೈಸೂರು: ಅಣ್ಣಾ, ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕಂತೆ, ಹೌದಾ? ಗಾಡಿಗೆ ಎರಡು ವರ್ಷ. ತಂಪು ಚೆನ್ನಾಗೇ ಇದೆ.

ಬಸಣ್ಣ: ಬೇಡಮ್ಮ. ಗ್ಯಾಸ್ ಪೆಟ್ರೋಲ್ ತರ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ತಂಪು ಚೆನ್ನಾಗಿದ್ದರೆ ಯಾರಿಂದಲೂ ಕೈ ಹಾಕಿಸಬೇಡಿ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮೊದಲು ಆ ಜಾಗ ಹುಡುಕಿಸಿ.

ಮಂಜು, ದಾವಣಗೆರೆ: ಎಸಿ ಹಾಕಿದರೆ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಗ್ಯಾಸ್ ಸೋರಿಕೆನಾ?

ಬಸಣ್ಣ: ಅದು ಬರೀ ನೀರು. ಗಾಬರಿ ಬೇಡ.

ಶರಣು, ಕಲಬುರಗಿ: ಸರ್, ಐದು ತಿಂಗಳಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದೆ. ಇಪ್ಪತ್ತು ದಿನ ತಂಪು, ಆಮೇಲೆ ಬಿಸಿಗಾಳಿ. ಹೋದ ವಾರ ಒಂದು ಅಂಗಡಿಯಲ್ಲಿ ಗ್ಯಾಸ್ ಜೊತೆ ಆಯಿಲ್ಲನ್ನೂ ಹಾಕಿದರು. ಈಗ ಎಸಿ ಹಾಕಿದ ಕೂಡಲೇ ಹಳದಿ ದೀಪ ಬರುತ್ತದೆ. ನಿನ್ನೆ ಎರಡು ಸಲ ಗಾಡಿ ಚಾಲೂನೇ ಆಗಲಿಲ್ಲ. ಫಾಸ್ಟ್ ಚಾರ್ಜಿಂಗ್ ಕೂಡ ತುಂಬಾ ನಿಧಾನ.

ಬಸಣ್ಣ: ಶರಣು ಅವರೇ, ಎಸಿ ಹಾಕಬೇಡಿ. ಗಾಡಿಯನ್ನು ಚಾರ್ಜಿಗೂ ಹಾಕಬೇಡಿ. ಬಿಲ್ ಇದೆಯಾ? ಅದರಲ್ಲಿ ಆಯಿಲ್ ಹೆಸರು ಏನಿದೆ ನೋಡಿ ಹೇಳಿ.

ಕಿರಣ್, ಬೆಂಗಳೂರು: ನನಗೆ ಬಂದ ಫಾರ್ವರ್ಡ್ ಹಾಕುತ್ತಿದ್ದೇನೆ: "ಸೀಲರ್ ಕ್ಯಾನ್ ಒಂದು ಹಾಕಿ, ಹತ್ತು ನಿಮಿಷದಲ್ಲಿ ಸೋರಿಕೆ ಬಂದ್, ಮೆಕ್ಯಾನಿಕ್ ಬೇಡವೇ ಬೇಡ."

ಶರಣು, ಕಲಬುರಗಿ: ಬಿಲ್ಲಿನಲ್ಲಿ "ಪಿಎಜಿ 46, 50 ಎಂಎಲ್" ಅಂತ ಇದೆ ಸರ್.

ಬಸಣ್ಣ: ನಾನು ಹೆದರಿದ್ದು ಇದಕ್ಕೇ. ಸ್ವಲ್ಪ ನಿಧಾನವಾಗಿ ಓದಿ.

ಪೆಟ್ರೋಲ್ ಕಾರಿನಲ್ಲಿ ಗ್ಯಾಸನ್ನು ಒತ್ತಿ ಸುತ್ತಿಸುವ ಎಸಿ ಕಂಪ್ರೆಸರ್ ಬೆಲ್ಟಿನಿಂದ ತಿರುಗುತ್ತದೆ. ನಿಮ್ಮದರಲ್ಲಿ ಕಂಪ್ರೆಸರ್ ಒಳಗೇ ಮೋಟಾರ್ ಇದೆ. ಅದಕ್ಕೆ ದೊಡ್ಡ ಬ್ಯಾಟರಿಯಿಂದ 300–400 ವೋಲ್ಟ್ ಬರುತ್ತದೆ. ಮೋಟಾರಿನ ತಾಮ್ರದ ಸುರುಳಿ ಗ್ಯಾಸು, ಆಯಿಲ್ಲಿನಲ್ಲೇ ನೆನೆದಿರುತ್ತದೆ. ಅದಕ್ಕೇ ಇಂಥ ಗಾಡಿಗೆ ಕರೆಂಟ್ ಹರಿಯಲು ಬಿಡದ ಪಿಒಇ ಆಯಿಲ್ ಹಾಕುತ್ತಾರೆ. ಪಿಎಜಿ ಹಾಗಲ್ಲ. ಸ್ವಲ್ಪ ಸೇರಿದರೂ ಕರೆಂಟ್ ಬಾಡಿ ಕಡೆ ಜಿನುಗಲು ಶುರುವಾಗುತ್ತದೆ. ಗಾಡಿಯ ಕಂಪ್ಯೂಟರ್ ಅದನ್ನು ಹಿಡಿದು ಚಾಲೂ ಆಗಲು ಬಿಡುವುದಿಲ್ಲ. ಬಹುಶಃ ನಿಮ್ಮ ಹಳದಿ ದೀಪ ಹೇಳುತ್ತಿರುವುದು ಅದನ್ನೇ.

ಚಾರ್ಜಿಂಗ್ ನಿಧಾನವಾಗಿದ್ದಕ್ಕೂ ಇದಕ್ಕೂ ಸಂಬಂಧ ಇರಬಹುದು. ಎಷ್ಟೋ ಗಾಡಿಗಳಲ್ಲಿ ಬ್ಯಾಟರಿಯನ್ನು ತಂಪು ಮಾಡುವುದೂ ಇದೇ ಗ್ಯಾಸ್. ಗ್ಯಾಸ್ ಹೋದರೆ ಬ್ಯಾಟರಿ ಬಿಸಿಯಾಗುತ್ತದೆ, ಗಾಡಿ ತಾನಾಗಿ ಚಾರ್ಜಿಂಗ್ ಕಡಿಮೆ ಮಾಡುತ್ತದೆ.

ಈಗ ಮಾಡಬೇಕಾದ್ದು: ನಾಲ್ಕೂ ಚಕ್ರ ಮೇಲೆ ಬರುವ ಫ್ಲಾಟ್‌ಬೆಡ್ ಗಾಡಿಯಲ್ಲಿ ಇವಿ ತರಬೇತಿ ಇರುವ ವರ್ಕ್‌ಶಾಪಿಗೆ ಕಳಿಸಿ. ಅವರು ಮೊದಲು ಹೈ ವೋಲ್ಟೇಜ್ ಬಂದ್ ಮಾಡಿ, ಕಾದು, ಕಂಪ್ರೆಸರ್ ಕನೆಕ್ಟರ್ ಬಿಚ್ಚಿ ಮೆಗ್ಗರ್ ಅನ್ನುವ ಮೀಟರಿನಲ್ಲಿ ಇನ್ಸುಲೇಶನ್, ಅಂದರೆ ಕರೆಂಟ್ ಬಾಡಿಗೆ ಜಿನುಗುತ್ತಿದೆಯಾ ಅಂತ, ನೋಡಬೇಕು. ಕಿತ್ತಳೆ ಬಣ್ಣದ ವೈರ್ ನೀವು ಮುಟ್ಟಲೇಬೇಡಿ. ಪಿಎಜಿ ಹೋಗಿದೆ ಅಂತ ಮುಚ್ಚಿಡದೆ ಹೇಳಿ, ಬಿಲ್ ತೋರಿಸಿ.

ಸೋರಿಕೆ ಇನ್ನೂ ಉಳಿದೇ ಇದೆ, ಮರೆಯಬೇಡಿ. ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತದಾ ನೋಡಿಸಿ. ಹೋದ ತಿಂಗಳು ಒಂದು ಗಾಡಿಯಲ್ಲಿ ಎಲ್ಲಾ ಜಾಯಿಂಟಿಗೂ ಸೋಪುನೀರು ಹಚ್ಚಿದೆ, ಏನೂ ಇಲ್ಲ. ಗ್ಯಾಸಿನ ಬಿಸಿ ಹೊರಗೆ ಬಿಡುವ ಕಂಡೆನ್ಸರ್ ಕೆಳಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗ ಕಪ್ಪಗಿತ್ತು, ಧೂಳು ಎಣ್ಣೆಗೆ ಅಂಟಿ ತುಪ್ಪದ ಜಿಡ್ಡಿನ ಹಾಗೆ. ಒರೆಸಿದಾಗ ಕಲ್ಲು ಬಡಿದ ಸಣ್ಣ ತೂತು ಸಿಕ್ಕಿತು. ಎಲ್ಲಿ ಎಣ್ಣೆ ಇದೆಯೋ ಅಲ್ಲಿ ಹುಡುಕಿ.

ನಾಗರಾಜ್, ತುಮಕೂರು: ಹೊರಗಿನ ಅಂಗಡಿಗೆ ಹೋದರೆ ಹೀಗೇ ಆಗುವುದು. ಶೋರೂಮಿಗೇ ಹೋಗಬೇಕು.

ಕಿರಣ್, ಬೆಂಗಳೂರು: ಶೋರೂಮಿನವರು ಸೋರಿಕೆ ಹುಡುಕದೆ ಇಡೀ ಸೆಟ್ ಬದಲಿಸಿ ಅಂತಾರೆ. ದುಡ್ಡು ನೀವು ಕೊಡ್ತೀರಾ?

ನಾಗರಾಜ್, ತುಮಕೂರು: ನಿಮ್ಮ ಸೀಲರ್ ಕ್ಯಾನ್ ಹಾಕಿಕೊಂಡು ಕೂತಿರಿ ಹಾಗಾದರೆ.

ಬಸಣ್ಣ: ಸೀಲರ್ ಹಾಕಬೇಡಿ! ಕಿರಣ್, ಆ ಮೆಸೇಜ್ ಅಳಿಸಿ. ಅದು ಸೋರುವ ಜಾಗದಲ್ಲೇ ಗಟ್ಟಿಯಾಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ದಾರಿಯಲ್ಲಿ ಕಟ್ಟಿಕೊಳ್ಳಬಹುದು. ಗ್ಯಾಸ್ ತೆಗೆಯುವ ನಮ್ಮ ಮೆಷಿನ್ ಕೂಡ ಹಾಳಾಗುತ್ತದೆ.

ಉಷಾ, ಉಡುಪಿ: ಸಮುದ್ರದ ಪಕ್ಕದ ಮನೆ. ಕಂಡೆನ್ಸರ್ ಬೇಗ ತುಕ್ಕು ಹಿಡಿಯುತ್ತದಾ? ನೀರಿನಿಂದ ತೊಳೆಯಬಹುದಾ?

ರಫೀಕ್, ವಿಜಯಪುರ: ಅಡುಗೆ ಗ್ಯಾಸ್ ತುಂಬಿದರೆ ಇನ್ನೂ ತಂಪಂತೆ. ವಿಡಿಯೋ ನೋಡಿದೆ.

ಬಸಣ್ಣ: ರಫೀಕ್, ಅದು ಬೆಂಕಿ ಹತ್ತುವ ಗ್ಯಾಸ್. ಒಳಗಿನ ಕಾಯಿಲ್ ಸೋರಿದರೆ ನೇರ ಮಕ್ಕಳು ಕೂರುವ ಜಾಗಕ್ಕೆ ಬರುತ್ತದೆ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗೆ ಚೀಟಿ ಅಂಟಿಸಿರುತ್ತಾರೆ. ಅದನ್ನೇ, ಅಷ್ಟನ್ನೇ, ತೂಕ ಮಾಡಿ ತುಂಬಬೇಕು.

ಪ್ರವೀಣ್, ಹಾಸನ: ನಿಲ್ಲಿಸಿದ ಗಾಡಿಯಲ್ಲಿ ಗೇಜ್ 97 ಪಿಎಸ್ಐ ತೋರಿಸಿತು. ಅಂದರೆ ಗ್ಯಾಸ್ ಫುಲ್ ಅಲ್ವಾ?

ಬಸಣ್ಣ: ಅಲ್ಲ. 134ಎ ಗ್ಯಾಸ್ ಸುಮಾರು 30 ಡಿಗ್ರಿಯಲ್ಲಿ ಅಷ್ಟೇ ತೋರಿಸುತ್ತದೆ. ಅರ್ಧ ಖಾಲಿಯಾಗಿದ್ದರೂ ಅಷ್ಟೇ. ತೂಕ ಒಂದೇ ನಂಬಿಕೆ.

ನಾಗರಾಜ್, ತುಮಕೂರು: ಅದಕ್ಕೇ ಹೇಳಿದ್ದು, ಶೋರೂಮ್.

ಕಿರಣ್, ಬೆಂಗಳೂರು: ಎಷ್ಟು ಸಲ ಹೇಳ್ತೀರಿ ಸ್ವಾಮಿ? ನಿಮಗೆ ಕಮಿಷನ್ ಬರುತ್ತಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮೆಸೇಜ್ ಬಂದರೆ ತೆಗೆದುಹಾಕುತ್ತೇನೆ.

ಲೋಕೇಶ್, ಮಂಡ್ಯ: ಗ್ಯಾಸ್ ವರ್ಷಕ್ಕೊಮ್ಮೆ ಹಾಕಿಸಬೇಕಾ ಬಸಣ್ಣ?

ಬಸಣ್ಣ: ಮೇಲೆ ಓದಿ.

ಶರಣು, ಕಲಬುರಗಿ: ಫ್ಲಾಟ್‌ಬೆಡ್ ಬೆಳಿಗ್ಗೆ ಎಂಟಕ್ಕೆ ಬರುತ್ತದೆ ಸರ್. ಆಯಿಲ್ ತೊಳೆದು ತೆಗೆದರೆ ಸಾಕಾ, ಕಂಪ್ರೆಸರ್ ಬದಲಿಸಲೇಬೇಕಾ?

ಬಸಣ್ಣ: ಮೆಗ್ಗರ್ ರೀಡಿಂಗ್ ನೋಡದೆ ಹೇಳಿದರೆ ಸುಳ್ಳು ಹೇಳಿದ ಹಾಗೆ. ಬದಲಿಸಬೇಕಾಗಿ ಬರಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ. ರೀಡಿಂಗ್ ಫೋಟೋ ನನಗೆ ಕಳಿಸಿ. ಎಷ್ಟು ಹೊತ್ತಾದರೂ ನೋಡುತ್ತೇನೆ.