ದಿನಾ 45 ನಿಮಿಷ ಎಂದು ಶುರುಮಾಡಿದ್ದು ಮೂರನೇ ವಾರಕ್ಕೆ ನಿಲ್ಲುತ್ತದೆ. ಪುರುಸೊತ್ತಿಲ್ಲದವರ ವ್ಯಾಯಾಮ ಹೇಗಿರಬೇಕು?

ಅರ್ಧಗಂಟೆ (ಇದೂ ಕೆಳಗಿನವೂ ಬರೆದವರ ಅಡ್ಡಹೆಸರು) ಕೇಳಿದ್ದು:

ಕೆಲಸ ಬೆಳಿಗ್ಗೆ 9ರಿಂದ ಸಂಜೆ 6:30ರವರೆಗೆ, ಅದೂ ಕೂತೇ. ಹೋಗಿಬರಲು ಒಂದೂವರೆ ಗಂಟೆ. ಮನೆಯಲ್ಲಿ ಚಿಕ್ಕ ಮಕ್ಕಳು. ವಯಸ್ಸು 38, ಕಾಯಿಲೆ ಕಸಾಲೆ ಏನಿಲ್ಲ. ಜಿಮ್ ಆಗದ ಮಾತು, ಮನೆಯಲ್ಲಿ ಡಂಬೆಲ್ ಕೂಡ ಇಲ್ಲ.

ದಿನಾ 45 ನಿಮಿಷ ಎಂದು ಶುರುವಾಗುತ್ತದೆ, ಎರಡು ವಾರ ಚೆನ್ನಾಗಿ ನಡೆಯುತ್ತದೆ. ಒಂದು ದಿನ ತಪ್ಪಿದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಕೇಳಬೇಕಾದ್ದು ಇಷ್ಟು: ಇಷ್ಟಾದರೂ ಮಾಡಲೇಬೇಕು ಎನ್ನುವ ಲೆಕ್ಕ ಎಷ್ಟು? ಬೆಳಿಗ್ಗೆ ಒಳ್ಳೆಯದೋ ಸಂಜೆಯೋ? 21 ದಿನ ಎಳೆದುಬಿಟ್ಟರೆ ಅಭ್ಯಾಸವಾಗುತ್ತದೆ ಎನ್ನುತ್ತಾರಲ್ಲ, ನಿಜವಾ? ಮನಸ್ಸೇ ಬಾರದ ದಿನ ಏನು ಮಾಡುವುದು? "ಮನಸ್ಸಿದ್ದರೆ ಮಾರ್ಗ" ಎನ್ನುವ ಉತ್ತರ ದಯವಿಟ್ಟು ಬೇಡ.

ಮೂರುಸೆಟ್ ಬರೆದದ್ದು:

ಮೊದಲು ಲೆಕ್ಕ ಸರಿಮಾಡೋಣ, ದಿನಾ 45 ನಿಮಿಷ ಎಂದು ಯಾರೂ ವಿಧಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ. ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿಮಾಡುವ ಕೆಲಸ. 2010ರ ಮಾರ್ಗಸೂಚಿಯಲ್ಲಿ "ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ" ಎಂಬ ಷರತ್ತಿತ್ತು, 2020ರಲ್ಲಿ ಅದನ್ನು ತೆಗೆದರು. ನಿಮ್ಮಂಥ ದಿನಚರಿಗೆ ಇದೇ ದೊಡ್ಡ ಅನುಕೂಲ. ಮೂರು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ.

ಮಧ್ಯಮ ಎಂದರೆ ಮಾತಾಡಬಹುದು, ಹಾಡಲಾಗದು. ಜೋರು ಎಂದರೆ ನಾಲ್ಕು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳಬೇಕು. ಇದಕ್ಕೆ ವಾಚ್ ಬೇಕಿಲ್ಲ. ನಡಿಗೆಯಲ್ಲಾದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಮಧ್ಯಮ ಶ್ರಮದ ಹೊಸ್ತಿಲು. 15 ಸೆಕೆಂಡು ಹೆಜ್ಜೆ ಎಣಿಸಿ, 25 ಬಂದರೆ ಸಾಕು.

ನಿಮ್ಮ ವಾರ ಹೀಗಿರಬಹುದು. ಕೆಲಸದ ಐದು ದಿನ, ಹೋಗುವಾಗ 10 ನಿಮಿಷ, ಬರುವಾಗ 10 ನಿಮಿಷ ಬಿರುಸು ನಡಿಗೆ. ಒಂದು ಸ್ಟಾಪ್ ಮುಂಚೆ ಇಳಿದೋ, ಗಾಡಿ ದೂರ ನಿಲ್ಲಿಸಿಯೋ ಹೊಂದಿಸಿಕೊಳ್ಳಿ. ಅಲ್ಲಿಗೆ 100 ನಿಮಿಷ. ರಜೆಯ ದಿನ ಒಂದೇ ಸಲ 50 ನಿಮಿಷ. 150 ಆಯಿತು. ಇದಲ್ಲದೆ ವಾರದಲ್ಲಿ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಬಿಟ್ಟು, 25 ನಿಮಿಷದ ಸ್ನಾಯು ಕೆಲಸ. ನಾಲ್ಕೇ ಚಲನೆ ಸಾಕು:

ಬಸ್ಕಿ: ಹಿಂದೆ ಸಾಧಾರಣ ಎತ್ತರದ ಕುರ್ಚಿ ಇಟ್ಟುಕೊಳ್ಳಿ. ಮೂರು ಎಣಿಸುತ್ತ ಇಳಿಯಿರಿ, ಕುರ್ಚಿ ತಾಗಿದ ಕೂಡಲೇ ಭಾರ ಬಿಡದೆ ಏಳಿ. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಕ್ಕೆ ವಾಲಬಾರದು.

ದಂಡ: ನೆಲದಲ್ಲಿ ಬೇಡ, ಗೋಡೆಗೆ ಒತ್ತಿಟ್ಟ ಮೇಜಿನ ಅಂಚಿನ ಮೇಲೆ ಶುರುಮಾಡಿ. ಮೊಣಕೈ ರೆಕ್ಕೆಯಂತೆ ಪೂರ್ತಿ ಪಕ್ಕಕ್ಕೆ ಚಾಚದೆ, ಮೈಯಿಂದ ಸುಮಾರು 45 ಡಿಗ್ರಿಯಲ್ಲಿರಲಿ. ಸುಸ್ತಾದಾಗ ಮೊದಲು ಕೆಡುವುದು ಸೊಂಟ, ಅದು ಜೋತುಬಿದ್ದ ಮೇಲೆ ಮಾಡಿದ ದಂಡ ಲೆಕ್ಕಕ್ಕಿಲ್ಲ.

ಎಳೆತ: ಬ್ಯಾಕ್‌ಪ್ಯಾಕ್‌ಗೆ ನೀರಿನ ಬಾಟಲಿ ತುಂಬಿ 5 ಕೆಜಿ ಮಾಡಿ. ಒಂದು ಕೈ ಕುರ್ಚಿಯ ಮೇಲೆ ಊರಿ, ಬೆನ್ನು ನೇರವಾಗಿಟ್ಟು ಬಗ್ಗಿ, ಇನ್ನೊಂದು ಕೈಯಿಂದ ಬ್ಯಾಗನ್ನು ಸೊಂಟದ ಕಡೆಗೆ ಎಳೆಯಿರಿ. ಎದೆಯ ಕಡೆಗೆ ಎಳೆದರೆ ಭುಜ ಕಿವಿಗೆ ಏರುತ್ತದೆ, ಕೆಲಸ ಬೆನ್ನಿನಿಂದ ಕತ್ತಿಗೆ ಹೋಗುತ್ತದೆ.

ಸೊಂಟ ಎತ್ತುವುದು: ಅಂಗಾತ ಮಲಗಿ, ಮಂಡಿ ಮಡಚಿ, ಪೃಷ್ಠ ಬಿಗಿದು ಮೇಲೆತ್ತಿ ಎರಡು ಸೆಕೆಂಡು ಹಿಡಿಯಿರಿ. ತೊಡೆಯ ಹಿಂದೆ ಸೆಳೆತ ಹಿಡಿದರೆ ಪಾದ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳಿ.

ಪ್ರತಿಯೊಂದೂ 8ರಿಂದ 12 ಸಲ, ಮೂರು ಸೆಟ್ (ನಿಲ್ಲದೆ ಒಮ್ಮೆಗೆ ಮಾಡುವ 8ರಿಂದ 12 ಸಲ ಎಂದರೆ ಒಂದು ಸೆಟ್). ಇನ್ನೂ ಎರಡು ಮಾಡಬಹುದಿತ್ತು ಎನ್ನುವಾಗ ನಿಲ್ಲಿಸಿ. ಮೂರೂ ಸೆಟ್‌ನಲ್ಲಿ 12 ತಲುಪಿದ ದಿನ ಆ ಚಲನೆಯನ್ನು ಒಂದು ಮೆಟ್ಟಿಲು ಕಷ್ಟಮಾಡಿ: ಮೇಜಿನಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ, ಬ್ಯಾಗಿಗೆ ಇನ್ನೊಂದು ಬಾಟಲಿ. ಎಣಿಕೆ ಮತ್ತೆ 8ಕ್ಕೆ ಇಳಿಯುತ್ತದೆ, ಇಳಿಯಲಿ. ಸಮಯ ಉಳಿಸಲು ಒಂದು ಸೆಟ್ ದಂಡದ ಬೆನ್ನಿಗೇ ಒಂದು ಸೆಟ್ ಎಳೆತ ಮಾಡಿ. ಒಂದು ದಣಿದಾಗ ಇನ್ನೊಂದು ದುಡಿಯುತ್ತದೆ, ಸುಮ್ಮನೆ ಕೂರುವ ಹೊತ್ತು ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ. ಹುಮ್ಮಸ್ಸಿನಲ್ಲಿ ಮೊದಲ ದಿನವೇ 100 ಬಸ್ಕಿ ಹೊಡೆದರೆ ಮೈನೋವು ಅಂದೇ ಬರುವುದಿಲ್ಲ, 24ರಿಂದ 72 ಗಂಟೆಯ ನಡುವೆ ಏರುತ್ತದೆ. ಮೂರನೇ ದಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಗುತ್ತದೆ, ನಾಲ್ಕನೇ ದಿನದ ವ್ಯಾಯಾಮ ತಪ್ಪುತ್ತದೆ. ಅದೇ ಸ್ನಾಯು ಒಮ್ಮೆ ಈ ಕೆಲಸದ ರುಚಿ ಕಂಡ ಮೇಲೆ ಎರಡನೇ ಸಲಕ್ಕೆ ನೋವು ಬಹಳ ಕಡಿಮೆ. ಅದಕ್ಕೇ ಮೊದಲ ವಾರ ಒಂದೇ ಸೆಟ್, ಎರಡನೇ ವಾರ ಎರಡು, ಮೂರನೆಯ ವಾರದಿಂದ ಮೂರು. ಮೊದಲ ವಾರ ಇದು ತಮಾಷೆಯಂತೆ ಕಾಣುತ್ತದೆ. ಕಾಣಲಿ ಬಿಡಿ.

ಗೂಟ ಬರೆದದ್ದು:

ಮೂರುಸೆಟ್ ಅವರ ಪಟ್ಟಿಯಲ್ಲಿ ತಕರಾರಿಲ್ಲ, ಆದರೆ ಕೇಳಿದವರ ತೊಂದರೆ ಪಟ್ಟಿಯದ್ದಲ್ಲ. ಒಂದು ದಿನ ತಪ್ಪಿದರೆ ಎಲ್ಲ ಮುಗಿಯಿತು ಎಂದುಕೊಳ್ಳುವುದು ಅವರ ತೊಂದರೆ.

21 ದಿನದ ಮಾತಿನ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದರು ಅವರು. "ಕಡಿಮೆಯೆಂದರೂ" ಉದುರಿಹೋಯಿತು, ಮುಖ ಹೋಗಿ ಅಭ್ಯಾಸ ಬಂತು. ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಮಂದಿಯ ಮೇಲೆ ನಡೆಸಿದ ಆ ಅಧ್ಯಯನದಲ್ಲಿ ಮಧ್ಯಾಂಕ (ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ, ಅರ್ಧ ಜನಕ್ಕೆ ಹೆಚ್ಚು) 66 ದಿನ, ವ್ಯಾಪ್ತಿ 18ರಿಂದ 254 ದಿನ. ನೀರು ಕುಡಿಯುವಂಥ ಸುಲಭದ ಕೆಲಸಕ್ಕಿಂತ ವ್ಯಾಯಾಮ ಒಗ್ಗಲು ಹೆಚ್ಚು ದಿನ ಹಿಡಿಯಿತು. ನಿಮಗೆ ಬೇಕಾದ ಸಂಗತಿಯೂ ಅಲ್ಲೇ ಇದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಹಾಗಾದರೆ ಮೂರನೇ ವಾರಕ್ಕೆ "ಇನ್ನೂ ತಾನಾಗಿ ಬರುತ್ತಿಲ್ಲ" ಎನಿಸುವುದು ಸೋಲಲ್ಲ, ಅರ್ಧ ದಾರಿಯೂ ಆಗಿಲ್ಲ ಅಷ್ಟೆ.

ಗಡಿಯಾರಕ್ಕೆ ಕಟ್ಟಬೇಡಿ, ದಿನಾ ನಡೆದೇ ನಡೆಯುವ ಒಂದು ಕೆಲಸಕ್ಕೆ ಕಟ್ಟಿ. "7 ಗಂಟೆಗೆ" ಎಂದರೆ 7:20 ಆದಾಗ ಗಂಟು ಬಿಚ್ಚಿಹೋಗುತ್ತದೆ. "ಕೆಲಸದಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ, ಕೂರುವ ಮುಂಚೆ, ಬಟ್ಟೆ ಬದಲಿಸಿ ಮೊದಲ ಸೆಟ್ ಬಸ್ಕಿ" ಎಂದರೆ ಎಷ್ಟು ತಡವಾದರೂ ಚಪ್ಪಲಿ ಬಿಡುವುದಂತೂ ಇದ್ದೇ ಇದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ವರ್ಷಗಟ್ಟಲೆ ಪರೀಕ್ಷಿಸಿದ್ದು ಇಂಥದ್ದೇ "ಹೀಗಾದರೆ ಹಾಗೆ" ವಾಕ್ಯಗಳನ್ನು. ಎಲ್ಲಿ, ಯಾವಾಗ, ಏನು ಎಂದು ಮೊದಲೇ ತೀರ್ಮಾನವಾಗಿದ್ದರೆ ಆ ಹೊತ್ತಿಗೆ ಮನಸ್ಸನ್ನು ಕೇಳುವ ಪ್ರಸಂಗವೇ ಬರುವುದಿಲ್ಲ. ಎರಡನೇ ವಾಕ್ಯವನ್ನೂ ಬರೆದಿಡಿ: "ಮೀಟಿಂಗ್ ಎಳೆದುಕೊಂಡು ಹೋಗಿ ತಡವಾದರೆ, ಮಕ್ಕಳು ಮಲಗಿದ ಮೇಲೆ ಬಡಪಾಯಿ ಪಟ್ಟಿ."

ಬಡಪಾಯಿ ಪಟ್ಟಿ ಎಂದರೆ ಐದು ನಿಮಿಷದ ಚೋಟುದ್ದ ಆವೃತ್ತಿ. ಒಂದು ಸೆಟ್ ಬಸ್ಕಿ, ಒಂದು ಸೆಟ್ ದಂಡ, ಮುಗಿಯಿತು. ಮನಸ್ಸಿಲ್ಲದ ದಿನಕ್ಕೂ ಇದೇ ಮದ್ದು. ಇದನ್ನು ಮಾಡಿದ ದಿನ ಪುಸ್ತಕದಲ್ಲಿ ಪೂರ್ತಿ ಗುರುತೇ ಹಾಕಿ, ಅರ್ಧ ಗುರುತಲ್ಲ. ಮಾಡಲಾಗದಷ್ಟು ದೊಡ್ಡದು ಅನ್ನಿಸಿದರೆ ಅದನ್ನೂ ಅರ್ಧಮಾಡಿ.

ನಿಯಮ ಒಂದೇ: ನಿಗದಿಯಾದ ಸರದಿ ಒಂದು ತಪ್ಪಬಹುದು, ಸಾಲಾಗಿ ಎರಡು ತಪ್ಪಬಾರದು. ತಪ್ಪಿದ್ದನ್ನು ಮರುದಿನ ದುಪ್ಪಟ್ಟು ಮಾಡಿ ತೀರಿಸಲು ಹೋಗಬೇಡಿ, ಇದು ಸಾಲವಲ್ಲ. ವಾರದ ಗುರಿಯನ್ನೂ ಏಳಕ್ಕೆ ಏಳು ಎಂದು ಇಟ್ಟುಕೊಳ್ಳಬೇಡಿ. ಒಂದು ತಪ್ಪಿದರೂ ಗುರಿ ಸತ್ತುಹೋಗುತ್ತದೆ, ನಿಮಗೆ ಆಗುತ್ತಿರುವುದು ಅದೇ.

ಬರೆಯುವುದು ಇಷ್ಟೇ ಇರಲಿ: ತಾರೀಖು, "ಬಸ್ಕಿ 10-9-8, ದಂಡ ಮೇಜು 9-8-8". ತೂಕ ಬರೆಯಬೇಡಿ. ಅದು ನೀರು, ಉಪ್ಪು, ನಿದ್ದೆ ಎಲ್ಲಕ್ಕೂ ಕುಣಿಯುತ್ತದೆ. 10-9-8 ಇದ್ದದ್ದು ಮುಂದಿನ ವಾರ 10-10-9 ಆಗಿದ್ದು ಕಣ್ಣಿಗೆ ಕಾಣುತ್ತದೆ, ಕನ್ನಡಿಯಲ್ಲಿ ಅಷ್ಟು ಬೇಗ ಏನೂ ಕಾಣುವುದಿಲ್ಲ.

ಮೀನಖಂಡ ಬರೆದದ್ದು:

ಬೆಳಿಗ್ಗೆ, ಸಂಜೆ ಬಗ್ಗೆ ಯಾರೂ ಹೇಳಲಿಲ್ಲ. ಬೆಳಗಿನ ಅನುಕೂಲ ಎಂದರೆ ಆ ಹೊತ್ತಿಗೆ ಬೇರೆ ಯಾರೂ ಕೈಹಾಕುವುದಿಲ್ಲ, ಅಷ್ಟೇ. ಆದರೆ ನಿದ್ದೆ ಕತ್ತರಿಸಿ ಬೆಳಗನ್ನು ಹೊಂದಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ವಯಸ್ಕರಿಗೆ 7 ಗಂಟೆ ನಿದ್ದೆಯಾದರೂ ಬೇಕು. 11:30ಕ್ಕೆ ಮಲಗಿ 5ಕ್ಕೆ ಅಲಾರಾಂ ಇಡುವವರ ಯೋಜನೆ ಎರಡು ವಾರಕ್ಕೆ ಮುಗ್ಗರಿಸುವುದು ಸೋಮಾರಿತನದಿಂದಲ್ಲ, ನಿದ್ದೆಯ ಬಾಕಿಯಿಂದ. ಇನ್ನೊಂದು: ರಾತ್ರಿ ಮಲಗಿದಾಗ ಬೆನ್ನೆಲುಬಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಅರ್ಧ, ಮುಕ್ಕಾಲು ಗಂಟೆ ಸೊಂಟ ಬಗ್ಗಿಸಿ ಭಾರ ಎತ್ತುವುದು ಬೇಡ. ಬ್ಯಾಗ್ ಎಳೆತ ಕೊನೆಗಿರಲಿ, ಮೊದಲು ನಡಿಗೆ.

ಸಂಜೆ ಮೈ ಬೆಚ್ಚಗಿರುತ್ತದೆ, ಕೀಲು ಸಡಿಲವಾಗಿರುತ್ತದೆ. ರಾತ್ರಿ ಮಾಡುವುದಾದರೆ ಏದುಸಿರು ಬರುವಂಥದ್ದನ್ನು ಮಲಗುವ ಒಂದು ಗಂಟೆ ಮುಂಚೆ ಮುಗಿಸಿ. ಊಟದ ನಂತರ 10 ನಿಮಿಷ ನಡೆದರೆ ರಕ್ತದ ಸಕ್ಕರೆ ಏರುವುದೂ ತಗ್ಗುತ್ತದೆ, 150ರ ಲೆಕ್ಕಕ್ಕೂ ಸೇರುತ್ತದೆ.

ಮೆಟ್ಟಿಲಿನ ಮಾತು ಬಂತಲ್ಲ, ಈ ವಿದ್ಯೆಯೆಲ್ಲ ಶುರುವಾದದ್ದೇ ಮೆಟ್ಟಿಲಿನಿಂದ. 1953ರಲ್ಲಿ ಬ್ರಿಟಿಷ್ ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ ಮೇಲೆ ಕೆಳಗೆ ಓಡಾಡುವ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ. ಯಾವ ಕಂಡಕ್ಟರ್ ಕೂಡ ಅದಕ್ಕೆಂದು ಅರ್ಧ ಗಂಟೆ ಎತ್ತಿಟ್ಟಿರಲಿಲ್ಲ.

ಅರ್ಧಗಂಟೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಇನ್ನು ಮೂರು ಅನುಮಾನ. ಬಸ್ಕಿ ಹೊಡೆಯುವಾಗ ಮಂಡಿಯಲ್ಲಿ ಟಕ್ ಟಕ್ ಸದ್ದು ಬರುತ್ತದೆ, ದಂಡಕ್ಕೆ ಮಣಿಕಟ್ಟು ನೋಯುತ್ತದೆ. ಜ್ವರವೋ ಪ್ರಯಾಣವೋ ಬಂದು ಹತ್ತು ದಿನ ನಿಂತರೆ ಎಲ್ಲಿಂದ ಶುರುಮಾಡುವುದು? 10,000 ಹೆಜ್ಜೆ ಕಡ್ಡಾಯವಾ?

ಮೂರುಸೆಟ್ ಬರೆದದ್ದು:

ಬರೀ ಸದ್ದಾದರೆ, ನೋವು, ಊತ, ಸಿಕ್ಕಿಹಾಕಿಕೊಂಡಂಥ ಅನುಭವ ಇಲ್ಲದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ನೋವಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಆಳ ಕಡಿಮೆಮಾಡಿ. ಅಳತೆ ಹೀಗೆ: ಹತ್ತಕ್ಕೆ ಮೂರರೊಳಗಿನ ನೋವು, ಮರುದಿನ ಬೆಳಿಗ್ಗೆಗೆ ಮಾಯವಾದರೆ ಮುಂದುವರಿಸಬಹುದು. ಬೆಳಿಗ್ಗೆಯೂ ಉಳಿದಿದ್ದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ, ಎರಡು ವಾರವಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಎದೆನೋವು, ತಲೆಸುತ್ತು, ಎಂದಿನಂತಲ್ಲದ ಉಬ್ಬಸ ಬಂದರೆ ಆ ಕ್ಷಣಕ್ಕೇ ನಿಲ್ಲಿಸಿ, ವೈದ್ಯರನ್ನು ಕಾಣಿ. ಇದನ್ನು ಓದುವವರಲ್ಲಿ ಹೃದಯದ ಕಾಯಿಲೆ, ಬಿಪಿ, ಸಕ್ಕರೆ ಕಾಯಿಲೆ ಇರುವವರು ಶುರುಮಾಡುವ ಮುಂಚೆಯೇ ಕೇಳಿಕೊಳ್ಳಿ.

ಮಣಿಕಟ್ಟು ನೋಯುವುದು ಅದು 90 ಡಿಗ್ರಿ ಹಿಂದಕ್ಕೆ ಬಾಗುವುದರಿಂದ. ಮೇಜಿನ ಮೇಲೆ ಅಂಗೈ ಊರುವುದು ಬಿಟ್ಟು ಅಂಚನ್ನೇ ಮುಷ್ಟಿಯಲ್ಲಿ ಹಿಡಿದರೆ ಬಾಗು ಕಡಿಮೆಯಾಗುತ್ತದೆ. ನೆಲದಲ್ಲಾದರೆ ಮಡಚಿದ ಟವೆಲ್ ಮೇಲೆ ಮುಷ್ಟಿ ಊರಿ.

ಬಿಟ್ಟದ್ದು ಒಂದು ವಾರದೊಳಗಾದರೆ ಏನೂ ಬದಲಿಸಬೇಡಿ. ಎರಡು ವಾರವಾದರೆ ಮೊದಲ ಸರದಿಗೆ ಎರಡೇ ಸೆಟ್. ಶಕ್ತಿ ಎರಡು ಮೂರು ವಾರಕ್ಕೆ ಹೆಚ್ಚೇನೂ ಕರಗುವುದಿಲ್ಲ, ದಮ್ಮು ಅದಕ್ಕಿಂತ ಬೇಗ ಇಳಿಯುತ್ತದೆ. ತಿಂಗಳಾಗಿದ್ದರೆ ಒಂದು ಸೆಟ್‌ನಿಂದ ಮತ್ತೆ ಹತ್ತಿ. ಜ್ವರವಿದ್ದಾಗ ಮಾತ್ರ ಪೂರ್ತಿ ವಿಶ್ರಾಂತಿ, ಬಡಪಾಯಿ ಪಟ್ಟಿಯೂ ಬೇಡ.

ಗೂಟ ಬರೆದದ್ದು:

10,000 ಹೆಜ್ಜೆ ಯಾವ ಪ್ರಯೋಗಶಾಲೆಯಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ಮಾನ್‌ಪೋ-ಕೇಯಿ, ಎಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಈಗ ನೀವು ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದು ಒಂದು ವಾರ ಫೋನಿನಲ್ಲಿ ನೋಡಿ, ಅದಕ್ಕೆ 2,000 ಸೇರಿಸಿ. ಮೂರುಸೆಟ್ ಹೇಳಿದ ಹತ್ತು ಹತ್ತು ನಿಮಿಷದ ಎರಡು ನಡಿಗೆ ಎಂದರೆ ಅಷ್ಟೇ ಹೆಜ್ಜೆ.

ಮೀನಖಂಡ ಬರೆದದ್ದು:

ಬ್ಯಾಗಿನ ವಿಷಯ ಒಂದು ಬಿಟ್ಟುಹೋಗಿದೆ. ಬಾಟಲಿಗಳನ್ನು ಹಾಗೇ ಹಾಕಿದರೆ ಎಳೆಯುವಾಗ ಒಂದು ಕಡೆಗೆ ಉರುಳಿ ಮಣಿಕಟ್ಟು ತಿರುಚುತ್ತದೆ. ಬಾಟಲಿಗಳ ಸುತ್ತ ಹಳೆಯ ಟವೆಲ್ ತುರುಕಿ, ಬ್ಯಾಗಿನ ಎರಡೂ ಪಟ್ಟಿಯನ್ನು ಒಟ್ಟಿಗೆ ಬಿಗಿದು ಕಟ್ಟಿ, ಮೇಲಿನ ಚಿಕ್ಕ ಹಿಡಿಯನ್ನಲ್ಲ, ಆ ಗಂಟನ್ನು ಹಿಡಿಯಿರಿ. ಭಾರ ಹೆಚ್ಚಿದ ಮೇಲೆ ಚಿಕ್ಕ ಹಿಡಿಯ ಹೊಲಿಗೆ ಹೆಚ್ಚು ದಿನ ತಾಳದೇ ಹೋಗಬಹುದು. ಬಾಟಲಿ ಮುಚ್ಚಳ ಬಿಗಿಯಾಗಿದೆಯಾ ಎಂದು ಬ್ಯಾಗನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿ. ಲ್ಯಾಪ್‌ಟಾಪ್ ಇಡುವ ಬ್ಯಾಗೇ ಆಗಿದ್ದರೆ ಖಂಡಿತ ನೋಡಿ.